ಗೇಟು ಎತ್ತೋತನಕ

ತಗಳ್ರಿ ಬಕ್ಕೇಶಪ್ಪಾರೆ, ಮೂರೂ ಎಣಿಸ್ಕಳ್ರಿ.
ಹೆಂಗಿದ್ವು ಅಂತ ಕೇಳೋದು ನಿಮ್ಮ ರೂಢಿ,
ಚಲೋ ಇದ್ವು ಅಂದು ಹೋಗೋದು ನನ್ನ ರೂಢಿ.
ಇವತ್ತು ಕುಂದರ್ತೀನಿ. ರೈಲ್ವೆ ಗೇಟು ಬಿದ್ದೈತಿ,
ಗೂಡ್ಸ್ ಗಾಡಿ ಹೋಗೋತನಕ ಪುರುಸೊತ್ತೈತಿ.

ಮೊದಲನೇದು, ಈ ದಪ್ಪಂದು.
ಹುಡುಗ ಎಸ್ಟೇಟಿನೋನು, ಕಣ್ಣು ಕಡಲಂತೆ.
ನಾನು ಕಡಲು ನೋಡಿಲ್ಲ, ಕುಂದುವಾಡ ಕೆರಿ ನೋಡೀನಿ.
ಅದರ ಬಣ್ಣದ ಕಣ್ಣಿದ್ರೆ ಡಾಕ್ಟರಿಗೆ ತೋರಿಸ್ಬೇಕು.
ಆಕಿ ಆರು ಸಲ ಮೂರ್ಛೆ ಹೋಗ್ತಾಳೆ,
ಆರೂ ಸಲ ಅವನ ತೋಳು ತಯಾರಿರ್ತಾವೆ.
ಉಂಡಾಳೋ ಇಲ್ಲೋ ಅಂತ ಒಬ್ರೂ ಕೇಳಲ್ಲ.
ಒಂದು ಪ್ಲೇಟು ಬೆಣ್ಣೆ ದೋಸೆ ತಿನ್ನಿಸಿದ್ರೆ
ಇಪ್ಪತ್ತು ಪುಟಕ್ಕ ಮುಗೀತಿತ್ತು.

ಎರಡನೇದ್ರಾಗ ಒಂದು ಪತ್ರ ಕಳದು ಹೋಗ್ತೈತಿ.
ಅದು ಸಿಗೋತನಕ ಹನ್ನೊಂದು ವರ್ಷ!
ಇಬ್ರೂ ಒಂದೇ ಊರಾಗ, ಒಂದೇ ಬಸ್‌ಸ್ಟ್ಯಾಂಡು.
ಅಲ್ರೀ, ಹೋಗಿ ಕೇಳಾಕ ಏನಾಗಿತ್ತು ಧಾಡಿ?
ನಮ್ಮ ಓಣಿ ಹುಡುಗ್ರು ಒಂದು ಗಂಟಿ ಮಾತು ಬಿಟ್ರೆ
ಹದಿನೇಳು ಮಿಸ್ ಕಾಲ್ ಕೊಡ್ತಾವೆ.
ಆದ್ರೂ ರಾತ್ರಿ ಎರಡಕ್ಕ ಎದ್ದು ಓದೀನಿ, ಅದು ಬೇರೆ ಮಾತು.
ಬರದೋನಿಗೆ ಬರವಣಿಗಿ ಬರ್ತೈತಿ,
ಮನುಷ್ಯರು ಬರಲ್ಲ.

ನಿಮಗೆ ಗೊತ್ತಲ್ಲ, ಮಂಡಿಪೇಟೆ ಮೂಲ್ಯಾಗ ನಂದು ಫಾಲು, ಪಿಕೋ.
ಮದುವಿ ಸೀಜನ್ನಾಗ ದಿನಕ್ಕ ನಲವತ್ತು ಸೀರಿ.
ಹುಡುಗಿ ಅಂಚು ಹಿಡಿಯೋದ್ರಾಗೇ ತಿಳೀತೈತಿ,
ಮನಸ್ಸು ಆಕೀನೇ ಇಟ್ಟಾಳೋ ಮನಿಯೋರು ಇಟ್ಟಾರೋ ಅಂತ.
ಒಂದು ಗಿಳಿಹಸರು ಸೀರಿ, ಕವರಿನಾಗ ಮೂರು ವರ್ಷ ಆತು.
ಐವತ್ತು ರೂಪಾಯಿ ಮುಂಗಡ ಕೊಟ್ಟೋಳು ಬರಲೇ ಇಲ್ಲ.
ಚೀಟಿಯಾಗ ಅಂಬುಜಾ ಕೆ. ಟಿ. ಅಂತೈತಿ,
ನಂಬರಿನಾಗ ಒಂದು ಅಂಕಿ ಕಮ್ಮಿ.
ಶ್ರಾವಣಕ್ಕೊಮ್ಮೆ ಬಿಚ್ಚಿ, ಮಡಿಕಿ ಬದಲಾಯಿಸಿ ಇಡ್ತೀನಿ,
ಒಂದೇ ಮಡಿಕಿಯಾಗ ಇದ್ರೆ ಜರಿ ಸೀಳ್ತೈತಿ ನೋಡ್ರಿ.
ಆಕಿ ಕಥಿ ಯಾರೂ ಬರದಿಲ್ಲ.
ನಿಮ್ಮ ಏಜೆಂಟರು ಬಂದಾಗ ಒಂದು ಮಾತು ಕೇಳ್ರಿ.

ಹ್ಞಾಂ, ಮೂರನೇದು. ಈ ಸಣ್ಣದು, ರಟ್ಟು ಕಿತ್ತಿದ್ದು.
ಮೊದಲ ಐವತ್ತು ಪುಟ ಬೈಕೊಂತ ಓದೀನಿ:
ಗುಲಾಬಿ ಇಲ್ಲ, ಬೆಳದಿಂಗಳಿಲ್ಲ, ಸಿಲಿಂಡರ್ ಖಾಲಿ,
ಗಂಡ ಹೆಂಡ್ತಿಗೆ ಕಡ್ಡಿಪೆಟ್ಟಿಗಿ ಜಗಳ.
ನೂರಾ ನಲವತ್ತೆರಡನೇ ಪುಟದಾಗ
ಆಕಿಗೆ ಸೊಂಟ ಹಿಡದೈತಿ, ಬಗ್ಗಾಕ ಬರಲ್ಲ.
ಅವನು ಬಚ್ಚಲ ಕಟ್ಟಿಮ್ಯಾಲೆ ಕುಂತು
ಆಕಿ ಕಾಲು ತೊಡಿಮ್ಯಾಲೆ ಇಟ್ಕಂಡು
ಒಂದೊಂದೇ ಉಗುರು ಕತ್ತರಿಸ್ತಾನೆ.
ಕಿರುಬೆರಳಿಗೆ ಬಂದಾಗ
ಎದ್ದು ಹೋಗಿ ಕನ್ನಡಕ ಹಾಕ್ಕಂಡು ಬರ್ತಾನೆ.
ಅಷ್ಟೇ. ಪ್ರೀತಿ ಅನ್ನೋ ಮಾತು ಇಡೀ ಪುಸ್ತಕದಾಗ ಇಲ್ಲ,
ಹುಡುಕೀನಿ.

ಆ ಪುಟ ತಗದು ನಮ್ಮನಿಯೋರ ಮುಂದ ಇಟ್ಟೆ.
ಎಪಿಎಂಸಿಯಾಗ ತೂಕ ಮುಗಿಸಿ ಆಗಷ್ಟೇ ಬಂದಿದ್ರು,
ಮೆಕ್ಕೆಜೋಳದ ಧೂಳು ಇನ್ನೂ ಹುಬ್ಬಿನಾಗಿತ್ತು.
ಓದ್ರಿ ಅಂದೆ. ಹ್ಞೂಂ ಅಂದ್ರು.
ಅದರ ಮ್ಯಾಲೇ ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿದ್ರು.
ದೊಡ್ಡ ಮಿರ್ಚಿ ನನ್ನ ಕಡಿ ಸರಿಸಿದ್ರು,
ಕಾರ ಹತ್ತಿ ನಾನು ನೀರು ಕುಡಿಯೋತನಕ ಸುಮ್ಮನೆ ನೋಡಿದ್ರು.
ಓದಲಿಲ್ಲ.

ಇಲ್ಲಿ ನೋಡ್ರಿ, ಎಣ್ಣಿ ಇಳದೈತಿ.
ಬೆಳಕಿಗೆ ಹಿಡಿದ್ರೆ, ಉಗುರು ಕತ್ತರಿಸೋ ಸಾಲಿನ ಹಿಂದ
ಮುಂದಿನ ಪುಟ ತಿರುಗಾಮುರುಗಾ ಕಾಣ್ತೈತಿ.
ದಂಡ ಎಷ್ಟಾತು ಹೇಳ್ರಿ.
ಇಲ್ಲಾ, ಬ್ಯಾಡ, ಪುಸ್ತಕಾನೇ ಕೊಡ್ರಿ, ರೇಟು ಹೇಳ್ರಿ.

ಅಗಾ, ಗೇಟು ಎತ್ತಿದ್ರು.
ಮುಂದಿನ ವಾರಕ್ಕ ಒಂದು ದಪ್ಪಂದು ತಗದಿಡ್ರಿ.
ಮೂರ್ಛೆ ಹೋಗೋದಿದ್ರೂ ನಡೀತೈತಿ.